ಗೆಳೆಯರ ಆಲ್ಬಂ ರಿವ್ಯೂ ಜೊತೆ ಜಗಳ ಆಡುವುದು ಹೇಗೆ

ನಾವು ನಾಲ್ಕು ಜನ. ತಿಂಗಳ ಎರಡನೇ ಶನಿವಾರ ಬ್ಯಾಂಕಿಗೆ ರಜೆ, ಅದಕ್ಕೇ ಸಂಜೆ ನಮ್ಮ ಮನೆ ಮಹಡಿ ಮೇಲಿನ ರೂಮಿನಲ್ಲಿ ಸೇರುತ್ತೇವೆ. ಒಂದು ಆಲ್ಬಂ, ರಾಕ್ ಅಥವಾ ಯಾರಿಗೂ ಅರ್ಥವಾಗದ ಏನಾದರೂ ವಿಚಿತ್ರ, ಮೊದಲೇ ಗೊತ್ತುಮಾಡಿರುತ್ತೇವೆ. ಎಲ್ಲರೂ ಒಂದೊಂದು ಪುಟ ಬರೆದು ತರಬೇಕು. ಓದಬೇಕು. ಆಮೇಲೆ ಜಗಳ. ಚುರುಮುರಿ ಇರುತ್ತದೆ.

ಮೊದಮೊದಲು ಈ ಜಗಳ ತುಂಬಾ ಕೆಟ್ಟದಾಗಿ ಆಡುತ್ತಿದ್ದೆವು. ಒಂದು ಸಲ ನಾನೂ ಮೇಡನ್‌ನೂ ಒಂದೂವರೆ ಗಂಟೆ ಕಿತ್ತಾಡಿದೆವು. ಮೇಡನ್ ಅಂದರೆ ಅವನ ಅಡ್ಡಹೆಸರು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಕೊಂಡ ಟೀ ಶರ್ಟನ್ನು ಇವತ್ತಿಗೂ ಹಾಕುತ್ತಾನೆ, ಹೊಟ್ಟೆ ಒಪ್ಪದಿದ್ದರೂ. ಅವತ್ತಿನ ಆಲ್ಬಂ ದಿ ಸ್ಟೂಜಸ್ ಬ್ಯಾಂಡಿನ ‘ರಾ ಪವರ್’, 1973ರದ್ದು. ‘ಕಿವಿ ಹರಿಯುವಷ್ಟು ದಪ್ಪ ಸದ್ದು, ಎಲ್ಲ ವಾದ್ಯ ಒಂದರ ಮೇಲೊಂದು ಬಿದ್ದಿವೆ’ ಅಂತ ಅವನು ಬರೆದಿದ್ದ. ನನಗೆ ಕೇಳಿಸಿದ್ದು ಸಣಕಲು ಸದ್ದು, ಬೇಸ್ ಗಿಟಾರನ್ನು ಟಾರ್ಚ್ ಹಾಕಿ ಹುಡುಕಬೇಕು. ನಿನ್ನ ಕಿವಿಗೆ ಏನಾಗಿದೆ ಅಂದೆ. ನಿನ್ನ ಹೆಡ್‌ಫೋನ್ ಬಿಸಾಕು ಅಂದ. ಕೊನೆಗೆ ನಮ್ಮ ಗುಂಪಿನ ಅಕ್ಕ ಇಬ್ಬರ ಫೋನನ್ನೂ ಕಿತ್ತುಕೊಂಡು ನೋಡಿದರು. ನಾನು ಕೇಳಿದ್ದು ಗಾಯಕ ಡೇವಿಡ್ ಬೋವಿ ಮಾಡಿದ ಹಳೆಯ ಮಿಕ್ಸ್. ಮಿಕ್ಸ್ ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳಲ್ಲಿ ಯಾವುದು ಎಷ್ಟು ಜೋರು ಅಂತ ಹದ ಮಾಡಿ ಕೂಡಿಸುವುದು. ಅವನು ಕೇಳಿದ್ದು 1997ರಲ್ಲಿ ಬ್ಯಾಂಡಿನ ಗಾಯಕ ಇಗ್ಗಿ ಪಾಪ್ ತಾನೇ ಕೂತು ಮಾಡಿದ ಹೊಸ ಮಿಕ್ಸ್. ಹಾಡು ಅವೇ, ಸದ್ದು ಬೇರೆ. ಇಬ್ಬರೂ ಸರಿ. ಒಂದೂವರೆ ಗಂಟೆ ದಂಡ.

ಹಾಗಾಗಿ ನಮ್ಮ ಮೊದಲ ಕೆಲಸ ಇದು: ಬಾಯಿ ಬಿಡುವ ಮುಂಚೆ, ಇಬ್ಬರೂ ಕೇಳಿದ್ದು ಒಂದೇ ಆಲ್ಬಂ ತಾನೇ ಅಂತ ನೋಡಿಕೊಳ್ಳುವುದು. ಯಾವ ವರ್ಷದ ಮಿಕ್ಸ್, ಯಾವುದರಲ್ಲಿ ಕೇಳಿದ್ದು, ಎಷ್ಟು ಸಲ. ಇಷ್ಟನ್ನೂ ರಿವ್ಯೂ ತಲೆಯ ಮೇಲೆ ಒಂದು ಸಾಲಿನಲ್ಲಿ ಬರೆಯಬೇಕು. ‘ಬೋವಿ ಮಿಕ್ಸ್, ಮೆಟ್ರೋದಲ್ಲಿ ಇಯರ್‌ಫೋನ್, ಎರಡು ಸಲ.’ ಸಾಕು. ಇನ್ನೊಂದು ಮೋಸ ಬೋನಸ್ ಹಾಡುಗಳದ್ದು. ಹಳೆಯ ಆಲ್ಬಂಗಳ ಕೊನೆಗೆ ಈಗ ಕಂಪನಿಯವರು ಡೆಮೋ, ಲೈವ್ ಅಂತ ಹತ್ತು ಹಾಡು ಅಂಟಿಸಿರುತ್ತಾರೆ. ಅದನ್ನೂ ಸೇರಿಸಿ ಕೇಳಿ ‘ಆಲ್ಬಂ ಉದ್ದ ಆಯಿತು’ ಅಂತ ಬರೆದರೆ ಬ್ಯಾಂಡಿನವರು ಏನು ಮಾಡಬೇಕು? ಶಫಲ್‌ನಲ್ಲಿ ಕೇಳಿ ‘ಹಾಡುಗಳ ಕ್ರಮ ಸರಿಯಿಲ್ಲ’ ಅಂದವನೂ ನಮ್ಮಲ್ಲಿ ಒಬ್ಬ ಇದ್ದಾನೆ. ಹೆಸರು ಬೇಡ, ಟೀ ಶರ್ಟ್ ಬಗ್ಗೆ ಆಗಲೇ ಹೇಳಿದೆ.

ಆಮೇಲೆ, ಅವರು ಬರೆದದ್ದನ್ನು ಅವರಿಗೇ ತಿರುಗಿ ಹೇಳಿ. ‘ಅಕ್ಕಾ, ನೀವು ಹೇಳುತ್ತಿರುವುದು ಹಾಡು ಕೆಟ್ಟದು ಅಂತಲ್ಲ, ಉದ್ದ ಜಾಸ್ತಿ ಅಂತ, ಅಲ್ವಾ?’ ಅವರು ‘ಹೂಂ’ ಅಂದ ಮೇಲೆ ಮಾತ್ರ ನಿಮ್ಮ ತಕರಾರು ಶುರು ಮಾಡಿ. ಅರ್ಧಕ್ಕರ್ಧ ಜಗಳ ಇಲ್ಲೇ ಮುಗಿದುಹೋಗುತ್ತದೆ. ಸ್ವಲ್ಪ ಬೇಜಾರಿನ ವಿಷಯವೇ, ಜಗಳಕ್ಕೆ ಅಂತಲೇ ಬಂದಿರುತ್ತೇವಲ್ಲ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ‘ಬೋರ್’, ‘ಸೂಪರ್’, ‘ಸುಮ್ನೆ ಗಲಾಟೆ’, ಇಂಥ ಮಾತು ಬಂದ ತಕ್ಷಣ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ಎಷ್ಟನೇ ನಿಮಿಷ?

ಅಕ್ಕ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾರೆ, ಪದ ಹಾಳು ಮಾಡುವುದಿಲ್ಲ. ಜರ್ಮನಿಯ ಕ್ಯಾನ್ ಬ್ಯಾಂಡಿನ ‘ಟಾಗೋ ಮಾಗೋ’ (1971) ಬಗ್ಗೆ ಅವರು ತಂದದ್ದು ಅರ್ಧ ಪುಟ. ಅದರಲ್ಲಿ ಹದಿನೆಂಟೂವರೆ ನಿಮಿಷದ ‘ಹಾಲೆಲುವಾ’ ಹಾಡಿಗೆ ಒಂದೇ ಪದ: ಬೋರ್. ಎಷ್ಟನೇ ನಿಮಿಷಕ್ಕೆ ಅಕ್ಕಾ ಅಂದೆ. ಐದು ಅಂದರು. ಐದನೇ ನಿಮಿಷದಿಂದ ಮತ್ತೆ ಹಾಕಿದೆವು. ಯಾಕಿ ಲೀಬೆಟ್ಸೈಟ್ ಡ್ರಮ್ಸ್ ಹಿಡಿದ ನಡೆಯನ್ನು ಬಿಡುವುದೇ ಇಲ್ಲ. ಗಿಟಾರ್, ಕೀಬೋರ್ಡ್, ಗಾಯಕ ಡಾಮೋ ಸುಝುಕಿಯ ಗೊಣಗಾಟ, ಎಲ್ಲ ಅದರ ಮೇಲೆ ಬಂದು ಬಂದು ಹೋಗುತ್ತವೆ. ನಮ್ಮ ನಾಲ್ಕನೆಯವನು ಚಿಕ್ಕಂದಿನಲ್ಲಿ ಎಂಟು ವರ್ಷ ಮೃದಂಗ ಕಲಿತವನು. ಅವನು ಅಂದ: ‘ಅಕ್ಕಾ, ನೀವು ಇದನ್ನು ಸಂಗೀತ ಕಚೇರಿ ಥರ ಕೇಳುತ್ತಿದ್ದೀರಿ. ಹಾಡುವವರು ಮುಂದೆ, ಲಯ ಪಕ್ಕವಾದ್ಯ ಅಂತ. ಇಲ್ಲಿ ಡ್ರಮ್ಮರೇ ಮುಖ್ಯ ಕಲಾವಿದ. ಗಾಯಕನೇ ಪಕ್ಕವಾದ್ಯ.’

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪೆನ್ನು ತೆಗೆದು ‘ಬೋರ್’ ಹೊಡೆದುಹಾಕಿದರು. ‘ನಾನು ಗಾಯಕನಿಗೆ ಕಾಯುತ್ತಿದ್ದೆ, ಅವನು ಬರಲೇ ಇಲ್ಲ’ ಅಂತ ಬರೆದರು. ಹಾಡು ಅವರಿಗೆ ಈಗಲೂ ಇಷ್ಟವಿಲ್ಲ. ಆದರೆ ಈಗ ಆ ಸಾಲಿನ ಜೊತೆ ಮಾತಾಡಬಹುದು. ‘ಬೋರ್’ ಜೊತೆ ಮಾತಾಡುವುದು ಹೇಗೆ? ಅವರ ಅಭಿಪ್ರಾಯ ಬದಲಾಯಿಸಲು ಹೋಗಬೇಡಿ, ಸಾಲು ಬದಲಾಯಿಸಲು ಹೋಗಿ. ನಾನು ಇದನ್ನು ಕಲಿಯಲು ನಾಲ್ಕು ವರ್ಷ ಹಿಡಿಯಿತು.

ನಿಮ್ಮ ಕಿವಿ ಯಾವ ಭಾಷೆಯಲ್ಲಿ ಬೆಳೆದಿದೆಯೋ ಆ ಭಾಷೆಯಲ್ಲೇ ವಾದ ಮಾಡಿ. ಪಿಂಕ್ ಫ್ಲಾಯ್ಡ್ ಅವರ 1973ರ ‘ಮನಿ’ ಹಾಡಿನ ಬೇಸ್ ಏಳು ಎಣಿಕೆಯಲ್ಲಿ ಓಡುತ್ತದೆ. ಮೇಡನ್‌ಗೆ ಇದನ್ನು ಎಷ್ಟು ಸಲ ವಿವರಿಸಿದರೂ ತಲೆಗೆ ಹೋಗಲಿಲ್ಲ. ಮೃದಂಗದವನು ತೊಡೆ ತಟ್ಟಿ ‘ತಕಿಟ ತಕಧಿಮಿ’ ಅಂದ, ಎರಡೇ ಸುತ್ತಿನಲ್ಲಿ ಮೇಡನ್ ಕಾಲು ಕುಣಿಸಿದ. ಗಿಟಾರ್ ಸೋಲೋ ಬಂದಾಗ ಲೆಕ್ಕ ನಾಲ್ಕಕ್ಕೆ ಬದಲಾಗುವುದನ್ನೂ ತಾನೇ ಹಿಡಿದ. ಆದರೆ ಎಚ್ಚರ: ಏಳು ಎಣಿಕೆ ಅಂದ ಮಾತ್ರಕ್ಕೆ ಅದು ನಮ್ಮ ಕರ್ನಾಟಕ ಸಂಗೀತದ ಮಿಶ್ರ ಚಾಪು ತಾಳ ಆಗುವುದಿಲ್ಲ. ‘ಎಲ್ಲ ನಮ್ಮದರಿಂದಲೇ ಹೋಗಿದ್ದು’ ಅನ್ನುವ ಚಿಕ್ಕಪ್ಪಂದಿರು ಪ್ರತಿ ಮನೆಯಲ್ಲೂ ಇರುತ್ತಾರೆ. ನೀವು ಆಗಬೇಡಿ.

‘ಇವರಿಗೆ ನುಡಿಸೋಕೇ ಬರಲ್ಲ’ ಅನ್ನುವ ಮಾತನ್ನು ಬರೆಯುವ ಮುಂಚೆ ಸ್ವಲ್ಪ ಓದಿಕೊಳ್ಳಿ. ಕ್ಯಾಪ್ಟನ್ ಬೀಫ್‌ಹಾರ್ಟ್‌ನ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ (1969) ಕೇಳಿದರೆ ನಾಲ್ಕು ಜನ ನಾಲ್ಕು ರೂಮಿನಲ್ಲಿ ಬೇರೆ ಬೇರೆ ಹಾಡು ನುಡಿಸಿದ ಹಾಗಿರುತ್ತದೆ. ನಾನೂ ಹಾಗೇ ಬರೆದೆ, ಬೈಸಿಕೊಂಡೆ. ಆ ಬ್ಯಾಂಡಿನವರು ಲಾಸ್ ಏಂಜಲೀಸ್‌ನಲ್ಲಿ ಒಂದೇ ಮನೆಯಲ್ಲಿದ್ದುಕೊಂಡು ಸುಮಾರು ಎಂಟು ತಿಂಗಳು ಅಭ್ಯಾಸ ಮಾಡಿದ್ದರು. ಬೀಫ್‌ಹಾರ್ಟ್ ಪಿಯಾನೋ ಮೇಲೆ ಬಡಿದದ್ದನ್ನು ಡ್ರಮ್ಮರ್ ಜಾನ್ ಫ್ರೆಂಚ್ ಕೂತು ಬರೆದು, ಒಬ್ಬೊಬ್ಬರಿಗೂ ಅವರವರ ಭಾಗ ಕಲಿಸಿದ್ದ. ಅಂದರೆ ಆ ಗೊಂದಲವೆಲ್ಲ ಬಾಯಿಪಾಠ! ಆದರೆ ಇದರಲ್ಲೂ ಒಂದು ಗುಂಡಿ ಇದೆ. ಎಂಟು ತಿಂಗಳು ಕಷ್ಟಪಟ್ಟರು ಅನ್ನುವುದು ‘ಬರಲ್ಲ’ ಅನ್ನುವುದಕ್ಕೆ ಮಾತ್ರ ಉತ್ತರ. ‘ನನಗೆ ಹಿಡಿಸಲಿಲ್ಲ’ ಅನ್ನುವುದಕ್ಕೆ ಅಲ್ಲ. ಅಡುಗೆಯವರು ಬೆಳಗಿನ ಜಾವ ಎದ್ದರು ಅಂತ ಸಾರಿಗೆ ಉಪ್ಪು ಸರಿಯಾಗುತ್ತದೆಯೇ? ಅದು ಹಿಡಿಸಲಿಲ್ಲ ಅಂತ ಈಗಲೂ ಹೇಳುತ್ತೇನೆ, ಕಾರಣ ಬೇರೆ ಬರೆದಿದ್ದೇನೆ ಅಷ್ಟೇ.

ಇನ್ನೊಂದು ಕಾಯಿಲೆ, ಇಲ್ಲದ ಆಲ್ಬಂಗೆ ರಿವ್ಯೂ ಬರೆಯುವುದು. ರೇಡಿಯೋಹೆಡ್‌ನ ‘ಕಿಡ್ ಎ’ 2000ದ ಅಕ್ಟೋಬರ್‌ನಲ್ಲಿ ಬಂದಾಗ ‘ಗಿಟಾರ್ ಎಲ್ಲಿ?’ ಅಂದವರು ಬಹಳ. ಅವರ ತಲೆಯಲ್ಲಿದ್ದದ್ದು ಅದೇ ಬ್ಯಾಂಡಿನ ಹಿಂದಿನ ಗಿಟಾರ್ ಆಲ್ಬಂ, 1997ರ ‘ಓಕೆ ಕಂಪ್ಯೂಟರ್’. ಗೆಳೆಯರ ರಿವ್ಯೂನಲ್ಲಿ ‘ಇಲ್ಲ’, ‘ಬರಲಿಲ್ಲ’, ‘ಬಿಟ್ಟರು’ ಜಾಸ್ತಿ ಕಂಡರೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಮೂರಕ್ಕಿಂತ ಹೆಚ್ಚು ಗೆರೆ ಬಂದರೆ ‘ಇರುವುದು ಏನು ಅಂತ ಹೇಳಪ್ಪಾ’ ಅಂತ ಕೇಳಬಹುದು.

ಅಂಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಡಿ, ಆದರೆ ಕೊನೆಯಲ್ಲಿ. ಮೊದಲೇ ಹೇಳಿದರೆ ಸಂಜೆಯಿಡೀ ಏಳೋ ಏಳೂವರೆಯೋ ಅನ್ನುವುದರಲ್ಲೇ ಹೋಗುತ್ತದೆ. ದೊಡ್ಡ ಪತ್ರಿಕೆಯ ರಿವ್ಯೂ ತಂದು ಮೇಜಿನ ಮೇಲೆ ಬಡಿಯುವುದೂ ಬೇಡ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮನ್ನು 1970ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ತೆಗಳಿದ್ದರು. ಆಮೇಲೆ ಅದೇ ಆಲ್ಬಂ ಹೆವಿ ಮೆಟಲ್‌ಗೆ ಬುನಾದಿ ಅನ್ನಿಸಿಕೊಂಡಿತು. ಮೇಡನ್‌ಗೆ ಈ ಒಂದು ಉದಾಹರಣೆ ಬಾಯಿಪಾಠ, ಪತ್ರಿಕೆ ಹೆಸರು ಎತ್ತಿದರೆ ಸಾಕು, ಶುರು ಮಾಡುತ್ತಾನೆ.

ಪೂರ್ತಿ ಕೇಳದೆ ರಿವ್ಯೂ ಬರೆಯಬಹುದೇ? ಬರೆಯಬಹುದು, ನಿಲ್ಲಿಸಿದ ಜಾಗ ಹೇಳಿದರೆ. ಲೂ ರೀಡ್‌ನ ‘ಮೆಟಲ್ ಮಷೀನ್ ಮ್ಯೂಸಿಕ್’ (1975) ಒಂದು ಗಂಟೆಗೂ ಜಾಸ್ತಿ ಬರೀ ಗಿಟಾರ್ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಗಿಟಾರಿಗೇ ತಿರುಗಿ ಹೊಕ್ಕಾಗ ಏಳುವ ಕೂಗು. ಹಾಡಿಲ್ಲ, ತಾಳವಿಲ್ಲ. ಎಲ್‌ಪಿಯಲ್ಲಿ ನಾಲ್ಕನೇ ಬದಿಯ ಕೊನೆಯ ಗೆರೆ ಸುತ್ತಿ ಸುತ್ತಿ ಅಲ್ಲೇ ನಿಲ್ಲುತ್ತದೆ, ಮುಳ್ಳು ಎತ್ತುವ ತನಕ ಮುಗಿಯುವುದೇ ಇಲ್ಲ. ಮೇಡನ್ ರಿವ್ಯೂ ಒಂದೇ ಸಾಲು: ‘7 ನಿಮಿಷ, ಆಮೇಲೆ ಹೆಂಡತಿ ಬಂದಳು.’ ನಾನು ಪೂರ್ತಿ ಪುಟ ಹೊಗಳಿ ಬರೆದಿದ್ದೆ. ಇದು ಸಂಗೀತವೋ ಅಲ್ಲವೋ ಅಂತ ಶುರುವಾಯಿತು. ಒಬ್ಬರು ಹೇಳಿದ್ದನ್ನೇ ಮೂರನೇ ಸಲ ಹೇಳಿದರೆ ಮಾತು ನಿಲ್ಲಿಸಿ ಆಲ್ಬಂ ಹಾಕಬೇಕು ಅನ್ನುವುದು ನಮ್ಮ ನಿಯಮ. ನಾನೇ ಮೂರನೇ ಸಲ ಹೇಳಿದೆ. ಹಾಕಿದೆವು, ಸ್ಪೀಕರ್‌ನಲ್ಲಿ, ಜೋರಾಗಿ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಮ್ಮನ ಕೂಗು: ‘ಲೋ, ಮೋಟರ್ ಆಫ್ ಮಾಡೋ! ಟ್ಯಾಂಕ್ ತುಂಬಿರುತ್ತೆ!’

ಅಕ್ಕ ಫೋನ್ ನೋಡಿ, ನನ್ನ ಪುಟದ ಕೆಳಗೆ ಬರೆದುಕೊಂಡರು: ‘11ನೇ ನಿಮಿಷ.’