ಸೊಂಟದ ಮೇಲೆ ಎದೆ ಕೂರಲಿಲ್ಲ

ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಮೊಹೆಂಜೊದಾರೊದ ಮಣ್ಣಿನ ಹೆಣ್ಣುಬೊಂಬೆಗಳಿವೆ. ಮೂಗನ್ನು ಬೆರಳಲ್ಲೇ ಚಿವುಟಿ ಎಬ್ಬಿಸಿದ್ದಾರೆ, ಕಣ್ಣಿಗೆ ಮಣ್ಣಿನ ಗುಳಿಗೆ ಅಂಟಿಸಿದ್ದಾರೆ. ತಲೆ ಮೇಲೆ ಬೀಸಣಿಗೆಯಂಥ ಮುಡಿ, ಅಕ್ಕಪಕ್ಕ ಒಂದೊಂದು ಬಟ್ಟಲು. ಇಂಥ ಕೆಲವು ಬೊಂಬೆಗಳ ಬಟ್ಟಲಲ್ಲಿ ಮಸಿ ಸಿಕ್ಕಿದೆ. ಎಣ್ಣೆಯೋ ಧೂಪವೋ ಉರಿಸಿರಬೇಕು. ‘ಮಾತೃದೇವತೆ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಮಾತ್ರ ಸಿಂಗರಿಸಿಕೊಂಡು ಮದುವೆಗೆ ಹೊರಟ ಪಕ್ಕದ್ಮನೆ ಹೆಂಗಸಿನ ಹಾಗೆ ಕಂಡಳು.

ಅವಳನ್ನು ಆಳೆತ್ತರ ಮಾಡಬೇಕು ಅನ್ನಿಸಿತು. ಮಣ್ಣು ಸುಡುವ ನನ್ನ ಕರೆಂಟ್ ಕಿಲ್ನ್ (ಕುಲುಮೆ) ಒಳಗೆ ಎತ್ತರ 18 ಇಂಚು ಅಷ್ಟೇ. ಹಾಗಾಗಿ ಆರು ತುಂಡು ಮಾಡಿ, ಸುಟ್ಟು, ಒಂದರ ಮೇಲೊಂದು ಪೇರಿಸೋಣ ಅಂದುಕೊಂಡೆ.

ಮೊದಲ ಸಲ ಒಂದೊಂದು ತುಂಡನ್ನೂ ಬೇರೆ ಬೇರೆ ಮಾಡಿದೆ. ಮಧ್ಯೆ ಮಣ್ಣು ಸಾಲದೆ ಹೊಸದಾಗಿ ಕಲಸಿದೆ. ಅಲ್ಲೇ ಕೆಟ್ಟಿತು. ಎರಡು ಸಲ ಕಲಸಿದ ಮಣ್ಣು ಒಂದೇ ಥರ ಕುಗ್ಗಲಿಲ್ಲ. ಸೊಂಟ ಒಣಗುವಾಗ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಎದೆ ಇಟ್ಟರೆ ಒಂದು ಕಡೆ ಬೆರಳು ತೂರುವಷ್ಟು ಸಂದು! ಸಾಲದ್ದಕ್ಕೆ ಸರದ ಒಂದು ಗುಂಡು ಕಿಲ್ನ್‌ನಲ್ಲೇ ಸಿಡಿಯಿತು. ದಪ್ಪ ಗುಂಡಿನ ಒಳಗೆ ಹಸಿ ಉಳಿದಿತ್ತು, ಆವಿಗೆ ಹೊರಬರಲು ದಾರಿಯಿರಲಿಲ್ಲ. ಈಗ ಪ್ರತಿ ಗುಂಡಿಗೂ ಹಿಂದಿನಿಂದ ದಬ್ಬಳದಲ್ಲಿ ತೂತು ಹಾಕುತ್ತೇನೆ.

ಎರಡನೇ ಸಲ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಪುಡಿ, ಬೆರೆಸಿ ಎಲ್ಲಾ ಮಣ್ಣನ್ನೂ ಒಟ್ಟಿಗೇ ಕಲಸಿಟ್ಟೆ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿ, ಕಾಲಿನಿಂದಲೇ ಎಬ್ಬಿಸುತ್ತಾ ಹೋದೆ. ತುಂಡಿನ ಬಾಯಿಗೆ ಒಳಗಡೆ ಅಂಚು ಕಟ್ಟಿ, ಮೇಲೆ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೇ ಮುಂದಿನ ತುಂಡು. ಹೀಗೆ ಪೇರಿಸಿಯೇ ಐದು ವಾರ ಪ್ಲಾಸ್ಟಿಕ್ ಹೊದಿಸಿ ಒಣಗಿಸಿದೆ. ಡೊಂಕಾದರೆ ಎರಡೂ ಜೊತೆಗೇ ಡೊಂಕಾಗಲಿ, ಅಲ್ವಾ? ಹರಪ್ಪದ ಹಲವು ಬೊಂಬೆಗಳನ್ನು ಎಡ, ಬಲ ಅಂತ ಎರಡು ಹೋಳು ಮಾಡಿ ಸೇರಿಸಿದ್ದಾರೆ. ನನ್ನ ಸೀಳು ಅಡ್ಡಡ್ಡ. ಅದನ್ನು ಸೊಂಟಪಟ್ಟಿ, ಕೊರಳ ಸರದ ಕೆಳಗೆ ಬರುವ ಹಾಗೆ ನೋಡಿಕೊಂಡೆ.

ಸುಡುವಾಗ ಅವಸರ ಮಾಡಲಿಲ್ಲ. ರಾತ್ರಿಯಿಡೀ 100 ಡಿಗ್ರಿಗಿಂತ ಕೆಳಗೆ, ಆಮೇಲೆ ನಿಧಾನವಾಗಿ 1000ಕ್ಕೆ. 573ರ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ (ಬೆಣಚುಕಲ್ಲಿನ ಕಣ) ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಎರಡು ಸಲವೂ ಜಾಸ್ತಿ ಜೋಪಾನ ಬೇಕು. ಹಸಿಯಲ್ಲಿ 78 ಇಂಚು ಇದ್ದವಳು 72ಕ್ಕೆ ನಿಂತಳು.

ಕಬ್ಬಿಣದ ಪ್ಲೇಟಿಗೆ ಪೈಪ್ ವೆಲ್ಡ್ ಮಾಡಿಸಿ ತುಂಡುಗಳನ್ನು ಪೋಣಿಸಿದೆ. ನಡುವೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ತಲೆ ಏರಿಸಲು ಇಬ್ಬರು, ಏಣಿ ಹಿಡಿಯಲು ಇನ್ನೊಬ್ಬರು.

ಆ ಸಂಜೆ ಸುಮ್ನೆ ಬಟ್ಟಲಿಗೆ ಎಣ್ಣೆ ಹಾಕಿ ಬತ್ತಿ ಹಚ್ಚಿದೆ. ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಾಕಿರಲಿಲ್ಲ. ಬೆಳಿಗ್ಗೆ ನೋಡಿದರೆ ಮಣ್ಣು ಎಣ್ಣೆ ಕುಡಿದು, ಕಲೆ ಕೆನ್ನೆವರೆಗೂ ಇಳಿದಿತ್ತು.