ಬೋರ್‌ವೆಲ್ ಮೋಟ್ರಿಗೆ ಕಾವಲು ಪೆಟ್ಟಿಗೆ: ದಾವಣಗೆರೆ ಸೀಮೆಯಲ್ಲಿ ಸ್ಟಾರ್ಟಪ್‌ನ ಮೊದಲ ಐವತ್ತು ಗಿರಾಕಿಗಳನ್ನು ಪಡೆಯುವ ಬಗೆ

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟದ ಬೋರ್ ಮೋಟ್ರು ಬೇಸಿಗೆಯಲ್ಲಿ ಸುಡುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟ್ರು ಓಡುತ್ತಲೇ ಇರುತ್ತದೆ. ಇಲ್ಲವೇ ಬೋರಿನಲ್ಲಿ ನೀರು ಇಳಿದು ಪಂಪು ಒಣಗಿಯೇ ತಿರುಗುತ್ತದೆ. ಸುಟ್ಟ ಮೇಲೆ ವೈಂಡಿಂಗ್ ಖರ್ಚು ಮಾತ್ರವಲ್ಲ, ನೂರಾರು ಅಡಿ ಪೈಪು ಸಮೇತ ಮೋಟ್ರು ಎತ್ತುವ ಗಾಡಿ, ಮತ್ತೆ ಇಳಿಸುವ ಕೂಲಿ, ಅಷ್ಟು ದಿನ ನೀರಿಲ್ಲದೆ ನಿಂತ ತೋಟ, ಎಲ್ಲವೂ ರೈತನ ತಲೆ ಮೇಲೆ. ದಾವಣಗೆರೆಯಲ್ಲೇ ಕೂತು ಒಂದು ಉತ್ಪನ್ನ ಕಟ್ಟಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ, ದುಡ್ಡು ಕೊಟ್ಟು ಬಗೆಹರಿಸಿಕೊಳ್ಳಲು ಜನ ಸಿದ್ಧರಿರುವ ಸಮಸ್ಯೆ ಸಿಗುವುದು ಕಷ್ಟ.

ಕಟ್ಟಬೇಕಾದದ್ದು ಮೋಟ್ರಿನ ಸ್ಟಾರ್ಟರ್‌ಗೆ ಜೋಡಿಸುವ ಒಂದು ಕಾವಲು ಪೆಟ್ಟಿಗೆ. ಫೋನಿನಿಂದ ಮೋಟ್ರು ಹಚ್ಚುವ ಮೊಬೈಲ್ ಸ್ಟಾರ್ಟರ್‌ಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ. ಹಾಗಾಗಿ "ಮನೆಯಿಂದಲೇ ಮೋಟ್ರು ಹಚ್ಚಿ" ಅನ್ನುವುದನ್ನು ಮುಖ್ಯ ಮಾತಾಗಿ ಹಿಡಿಯಬೇಡಿ. "ಮೋಟ್ರು ಸುಡುವ ಮೊದಲೇ ನಿಲ್ಲಿಸಿ, ಕನ್ನಡದಲ್ಲಿ ಫೋನ್ ಮಾಡಿ ತಿಳಿಸುತ್ತೆ" ಅನ್ನುವುದನ್ನು ಹಿಡಿಯಿರಿ. ರೈತ ದುಡ್ಡು ಕೊಡುವುದು ಈ ಎರಡನೆಯದಕ್ಕೆ.

ಬೋರ್ಡ್ ಮುಟ್ಟುವ ಮೊದಲು

ಸೋಲ್ಡರಿಂಗ್ ಐರನ್ ಹಿಡಿಯುವ ಮೊದಲು ಇಪ್ಪತ್ತು ರೈತರನ್ನು, ಐದಾರು ವೈಂಡಿಂಗ್ ಅಂಗಡಿಯವರನ್ನು ಕಂಡು ಮಾತಾಡಿ. "ಇಂಥದ್ದು ಮಾಡಿದರೆ ತಗೋತೀರಾ?" ಎಂದು ಕೇಳಬೇಡಿ. ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೂಂ ಅನ್ನುತ್ತಾರೆ. ಆಗಿಹೋದದ್ದನ್ನು ಕೇಳಿ: ಕಳೆದ ಸಲ ಮೋಟ್ರು ಸುಟ್ಟದ್ದು ಯಾವ ತಿಂಗಳು? ಎತ್ತಿ ಇಳಿಸಲು ಎಷ್ಟಾಯಿತು? ಎಷ್ಟು ದಿನ ನೀರಿರಲಿಲ್ಲ? ಆಮೇಲೆ ಏನಾದರೂ ಹಾಕಿಸಿದಿರಾ, ಅದನ್ನು ಯಾಕೆ ತೆಗೆದಿರಿ? ಈ ಕೊನೆಯ ಪ್ರಶ್ನೆಯ ಉತ್ತರದಲ್ಲಿ ನಿಮ್ಮ ಅರ್ಧ ವಿನ್ಯಾಸ ಇರುತ್ತದೆ. ವೈಂಡಿಂಗ್ ಅಂಗಡಿಯವರು ಕಾಯಿಲ್ ನೋಡಿಯೇ ಫೇಸ್ ಹೋಗಿ ಸುಟ್ಟದ್ದೋ, ಬೇರೆ ಕಾರಣವೋ ಹೇಳಬಲ್ಲರು. ಅವರ ಬಳಿ ಒಂದು ಪೂರ್ತಿ ದಿನ ಕೂರುವುದು ದಂಡವಲ್ಲ.

ಮೊದಲ ಗಿರಾಕಿ ಯಾರೆಂಬುದನ್ನು ಕಿರಿದಾಗಿಸಿ. ಎರಡರಿಂದ ನಾಲ್ಕು ಎಕರೆ ಅಡಿಕೆ, 5 ಅಥವಾ 7.5 ಎಚ್‌ಪಿ ಮೋಟ್ರು, ಡಿಒಎಲ್ (ಮೋಟ್ರನ್ನು ನೇರವಾಗಿ ಲೈನಿಗೆ ಹಚ್ಚುವ) ಸ್ಟಾರ್ಟರ್, ಮನೆಯಿಂದ ತೋಟ ದೂರ, ಬೇಸಿಗೆಯಲ್ಲಿ ನೀರು ಕಮ್ಮಿಯಾಗುವ ಬೋರ್. ಸ್ಟಾರ್-ಡೆಲ್ಟಾ (ಎರಡು ಹಂತದಲ್ಲಿ ಹಚ್ಚುವ) ಸ್ಟಾರ್ಟರ್ ಇರುವ ದೊಡ್ಡ ಮೋಟ್ರುಗಳನ್ನು ಮೊದಲ ವರ್ಷ ಬಿಟ್ಟುಬಿಡಿ. ಅದರ ವೈರಿಂಗ್ ಬೇರೆ, ಕರೆಂಟ್ ಅಳೆಯುವ ಉಂಗುರ, ಅಂದರೆ ಸಿ.ಟಿ. ಕೂರಿಸುವ ಜಾಗ ಬೇರೆ, ತಪ್ಪಾಗುವ ಬಗೆಯೂ ಬೇರೆ. ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟಗಳೂ ಒಳ್ಳೆಯ ಗಿರಾಕಿಗಳೇ, ಆದರೆ ಅವು ಎರಡನೇ ಸುತ್ತಿಗೆ ಇರಲಿ.

ಪೆಟ್ಟಿಗೆಯೊಳಗೆ ಏನಿರಬೇಕು

ಇಎಸ್‌ಪಿ32ರಂಥ ಒಂದು ಮೈಕ್ರೊಕಂಟ್ರೋಲರ್, ಒಂದು 4ಜಿ ಮಾಡ್ಯೂಲ್, ಕರೆಂಟ್ ಅಳೆಯಲು ಮೂರು ಸಿ.ಟಿ., ಮೂರೂ ಫೇಸಿನ ವೋಲ್ಟೇಜ್ ಅಳೆಯುವ ಸರ್ಕ್ಯೂಟ್, ಎರಡು ರಿಲೇ (ಬೋರ್ಡ್ ಹೇಳಿದಂತೆ ಕೂಡಿ ಬಿಡುವ ಸ್ವಿಚ್), ಚಿಕ್ಕ ಬ್ಯಾಟರಿ. ಕೇಳಲು ಸುಲಭ. ಕೆಡುವುದು ಇವುಗಳ ನಡುವಿನ ಸಂದಿಗಳಲ್ಲಿ.

ಪವರ್ ಸಪ್ಲೈಯಿಂದ ಶುರು ಮಾಡೋಣ. ತೋಟದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಸಿಗುವುದು ಅಪರೂಪ, ಇರುವುದು ಮೂರು ಫೇಸ್ ಅಷ್ಟೇ. ಅಂಗಡಿಯಲ್ಲಿ ಸಿಗುವ 230 ವೋಲ್ಟಿನ ಅಡಾಪ್ಟರ್ ಹಾಕಿದರೆ ಮೊದಲ ದಿನವೇ ಹೊಗೆ. ಎರಡು ಫೇಸಿನ ನಡುವೆ ಮಾತ್ರ ಸಪ್ಲೈ ತೆಗೆದರೆ, ಅದರಲ್ಲೇ ಒಂದು ಹೋದಾಗ ನಿಮ್ಮ ಪೆಟ್ಟಿಗೆಯೂ ಸಾಯುತ್ತದೆ. ಮೂರೂ ಫೇಸಿನಿಂದ ಡಯೋಡ್ ಮೂಲಕ ತೆಗೆದುಕೊಳ್ಳಿ. 415 ವೋಲ್ಟ್ ರೆಕ್ಟಿಫೈ ಆದಾಗ ಸುಮಾರು 590 ವೋಲ್ಟ್ ಡಿಸಿ ಆಗುತ್ತದೆ. ರಾತ್ರಿ ಲೋಡ್ ಇಳಿದು ಲೈನ್ 480ಕ್ಕೆ ಏರಿದರೆ ಅದು 680 ಆಗುತ್ತದೆ. ಆದ್ದರಿಂದ 450 ವೋಲ್ಟಿನ ಎರಡು ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಹಾಕಿ, ಎರಡಕ್ಕೂ ಅಡ್ಡಲಾಗಿ ಸಮ ಓಮ್‌ನ ರೆಸಿಸ್ಟರ್ ಕೊಡಿ. ಮುಂದೆ ಫ್ಯೂಸ್ ಮತ್ತು ವೋಲ್ಟೇಜ್ ದಿಢೀರನೆ ಏರಿದಾಗ ತಡೆಯುವ ಎಂಒವಿ ಇರಲೇಬೇಕು. ಕರೆಂಟ್ ತೆಗೆದ ಮೇಲೂ ಈ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ, ಒಬ್ಬರೇ ಟೆಸ್ಟ್ ಮಾಡಲೂಬೇಡಿ.

ಫೇಸ್ ಹೋದದ್ದನ್ನು ಬರೀ ವೋಲ್ಟೇಜ್ ನೋಡಿ ಹಿಡಿಯಲಾಗುವುದಿಲ್ಲ. ಹೊಸಬರ ಬಹಳಷ್ಟು ಪೆಟ್ಟಿಗೆಗಳು ಸೋಲುವುದು ಇಲ್ಲೇ. ಓಡುತ್ತಿರುವ ಮೋಟ್ರು, ಹೋದ ಫೇಸಿನ ತುದಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಮೀಟರಿನಲ್ಲಿ ಮೂರೂ ಫೇಸ್ ಇದ್ದಂತೆಯೇ ಕಾಣುತ್ತದೆ. ಕರೆಂಟ್ ಮಾತ್ರ ಸುಳ್ಳು ಹೇಳದು: ಒಂದು ಫೇಸಿನಲ್ಲಿ ಸೊನ್ನೆಗೆ ಇಳಿದು ಉಳಿದೆರಡರಲ್ಲಿ ಏರುತ್ತದೆ. ಮೂರರ ನಡುವೆ ದೊಡ್ಡ ಅಂತರ ಕಂಡು ಎರಡು ಮೂರು ಸೆಕೆಂಡ್ ಹಾಗೇ ಇದ್ದರೆ ಮೋಟ್ರು ನಿಲ್ಲಿಸಿ.

ನೀರಿಲ್ಲದ್ದನ್ನು ಹಿಡಿಯುವುದೂ ಕರೆಂಟಿನಿಂದಲೇ. 5 ಎಚ್‌ಪಿ ಮೋಟ್ರು ಸಾಮಾನ್ಯವಾಗಿ 7ರಿಂದ 10 ಆಂಪಿಯರ್ ಎಳೆಯುತ್ತದೆ, ಪಂಪು ಒಣಗಿ ತಿರುಗಿದಾಗ ಅದು ಇಳಿಯುತ್ತದೆ. ಪ್ರತಿ ಬೋರ್ ಬೇರೆ, ಹಾಗಾಗಿ ಫ್ಯಾಕ್ಟರಿಯಲ್ಲೇ ಒಂದು ಅಂಕಿ ಬರೆದು ಕಳಿಸಬೇಡಿ. ಕೂರಿಸಿದ ದಿನ ನೀರು ಚೆನ್ನಾಗಿ ಬರುವಾಗ ಹತ್ತು ನಿಮಿಷ ಓಡಿಸಿ ಸರಾಸರಿ ದಾಖಲಿಸಿ. ಅದರ ಶೇ. 70ಕ್ಕಿಂತ ಕೆಳಗೆ ಹತ್ತು ಸೆಕೆಂಡ್ ಇದ್ದರೆ ನಿಲ್ಲಿಸುವಂತೆ ಶುರು ಮಾಡಿ, ಆಮೇಲೆ ಬೋರ್ ನೋಡಿ ಹೊಂದಿಸಿ. ಮೋಟ್ರು ಹತ್ತುವಾಗ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ಮೊದಲ ಐದು ಸೆಕೆಂಡ್ ಲೆಕ್ಕಕ್ಕೆ ಹಿಡಿಯಬೇಡಿ. ನಿಂತ ಮೇಲೆ ನೀರು ಊರಲು ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಹಚ್ಚಲಿ.

ರಿಲೇ ಹೀಗಿರಲಿ: ಒಂದು ರಿಲೇಯ ಸಾಮಾನ್ಯವಾಗಿ ಕೂಡಿರುವ ತುದಿಗಳು ಸ್ಟಾಪ್ ಬಟನ್ ಜೊತೆ ಸರಣಿಯಲ್ಲಿ, ಇನ್ನೊಂದರ ಸಾಮಾನ್ಯವಾಗಿ ಬಿಟ್ಟಿರುವ ತುದಿಗಳು ಸ್ಟಾರ್ಟ್ ಬಟನ್ ಪಕ್ಕದಲ್ಲಿ ಸಮಾಂತರವಾಗಿ. ಆಗ ನಿಮ್ಮ ಪೆಟ್ಟಿಗೆ ಪೂರ್ತಿ ಕೆಟ್ಟರೂ ರೈತ ಹಸಿರು ಬಟನ್ ಒತ್ತಿ ನೀರು ಬಿಡಬಹುದು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಪೆಟ್ಟಿಗೆಯ ದೆಸೆಯಿಂದ ಒಂದು ರಾತ್ರಿ ನೀರು ತಪ್ಪಿದರೆ ಆ ಊರಲ್ಲಿ ಎರಡನೇ ಪೆಟ್ಟಿಗೆ ಮಾರಾಟವಾಗುವುದಿಲ್ಲ.

ಕರೆಂಟ್ ಬಂದ ಕೂಡಲೇ ಮೋಟ್ರು ಹಚ್ಚಬೇಡಿ. ಒಂದು ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರ್‌ಗೆ) ಸೇರಿದ ಎಲ್ಲ ಮೋಟ್ರುಗಳೂ ಒಟ್ಟಿಗೆ ಹತ್ತಿದರೆ ವೋಲ್ಟೇಜ್ ಕುಸಿದು ಫ್ಯೂಸ್ ಹಾರುತ್ತದೆ. ಪ್ರತಿ ಪೆಟ್ಟಿಗೆಗೂ 30 ಸೆಕೆಂಡ್‌ನಿಂದ 3 ನಿಮಿಷದೊಳಗೆ ಬೇರೆ ಬೇರೆ ತಡ ಕೊಡಿ.

4ಜಿ ಮಾಡ್ಯೂಲ್ ಕೊಳ್ಳುವಾಗ ಅದು ಧ್ವನಿ ಕರೆಗೆ, ಅಂದರೆ ವೋಲ್ಟಿಇಗೆ ಬೆಂಬಲ ಕೊಡುತ್ತದೆಯೇ ನೋಡಿ, ಹಲವು ಕೊಡುವುದಿಲ್ಲ. 2ಜಿ ಮಾಡ್ಯೂಲ್ ಅಗ್ಗ, ಆದರೆ ಜಿಯೋ ಬಳಿ 2ಜಿ ಜಾಲವೇ ಇಲ್ಲ. ಮಾಡ್ಯೂಲ್ 2ಜಿಗೆ ಇಳಿದಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುವುದರಿಂದ ಅದರ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ. ಇಲ್ಲದಿದ್ದರೆ ಸಿಗ್ನಲ್ ಕಮ್ಮಿ ಇರುವ ತೋಟದಲ್ಲಿ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಹೊರಗಿರಲಿ. ಕೇಬಲ್ ಹೋಗುವ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ, ಬೋರ್ಡಿಗೆ ಲೇಪನ ಕೊಡಿ. ಸ್ಟಾರ್ಟರ್ ಪೆಟ್ಟಿಗೆ ಹಲ್ಲಿಗೂ ಇರುವೆಗೂ ಬೆಚ್ಚನೆಯ ಜಾಗ.

ಇನ್ನೊಂದು ಸಂಗತಿ ಮೊದಲೇ ತೀರ್ಮಾನಿಸಿಕೊಳ್ಳಿ. ಕೆಪಾಸಿಟರ್ ಹಾಕಿ ಎರಡೇ ಫೇಸಿನಲ್ಲಿ ಮೋಟ್ರು ಓಡಿಸುವ ರೂಢಿ ಹಳ್ಳಿಗಳಲ್ಲಿದೆ. ನಿಮ್ಮ ಪೆಟ್ಟಿಗೆ ಅಲ್ಲಿ ಪ್ರತಿ ಸಲ ನಿಲ್ಲಿಸುತ್ತದೆ, ರೈತ ಕಿತ್ತು ಹಾಕುತ್ತಾನೆ. ಅಂಥ ತೋಟಕ್ಕೆ ಮಾರಲೇಬೇಡಿ. ಕೂರಿಸುವ ಮೊದಲು ಕೇಳಿ ತಿಳಿದುಕೊಳ್ಳಿ.

ಹತ್ತು ಪೆಟ್ಟಿಗೆ, ಒಂದು ಬೇಸಿಗೆ

ಮೊದಲು ಹತ್ತೇ ಮಾಡಿ. ಪ್ಲಾಸ್ಟಿಕ್ ಅಚ್ಚು ಮಾಡಿಸಲು ಲಕ್ಷಗಟ್ಟಲೆ ಸುರಿಯಬೇಡಿ, ರೆಡಿ ಸಿಗುವ, ಧೂಳು ನೀರು ಹೊಗದ ಐಪಿ65 ಪೆಟ್ಟಿಗೆ ಸಾಕು. ಬೋರ್ಡನ್ನು ಕೈಯಲ್ಲೇ ಜೋಡಿಸಿ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿಯ ಕೊನೆ ವರ್ಷದ ವಿದ್ಯಾರ್ಥಿಗಳು ಟೆಸ್ಟಿಂಗ್‌ಗೆ ಒಳ್ಳೆಯ ಕೈಗಳು. ಹತ್ತೂ ಪೆಟ್ಟಿಗೆ ಬೈಕಿನಲ್ಲಿ ಒಂದು ಗಂಟೆಯೊಳಗೆ ಮುಟ್ಟುವ ದೂರದಲ್ಲಿರಲಿ. ದೂರು ಬಂದ ದಿನವೇ ಹೋಗಲಾಗದ ಕಡೆ ಕೂರಿಸಬೇಡಿ.

ಪುಕ್ಕಟೆ ಕೊಡಬೇಡಿ. ಪುಕ್ಕಟೆ ಬಂದದ್ದು ಕೆಟ್ಟರೆ ಯಾರೂ ಫೋನ್ ಮಾಡುವುದಿಲ್ಲ, ನಿಮಗೆ ಕಲಿಯಲು ಏನೂ ಸಿಗುವುದಿಲ್ಲ. ಅರ್ಧ ಬೆಲೆ ಮುಂಗಡ ಪಡೆಯಿರಿ, ಬೇಸಿಗೆ ಮುಗಿದ ಮೇಲೆ ಬೇಡ ಅಂದರೆ ವಾಪಸ್ ಕೊಡುವುದಾಗಿ ಬರೆದುಕೊಡಿ.

ಬೆಲೆಯ ಲೆಕ್ಕಕ್ಕೆ ಒಂದು ಉದಾಹರಣೆ. ಅಂಗಡಿ ಬೆಲೆ 6,500 ಇಟ್ಟರೆ ಶೇ. 18 ಜಿಎಸ್‌ಟಿ ಕಳೆದು ಉಳಿಯುವುದು ಸುಮಾರು 5,508. ಅಂಗಡಿಯವರಿಗೆ ಶೇ. 20 ಹೋದರೆ 4,406. ಕೂರಿಸುವ ಮೇಸ್ತ್ರಿಗೆ 400, ಸಿಮ್ ಮತ್ತು ಸರ್ವರ್‌ಗೆ ವರ್ಷಕ್ಕೆ 500, ಭಾಗ ಮತ್ತು ಜೋಡಣೆಗೆ 2,500, ವಾರಂಟಿಯಲ್ಲಿ ಬದಲಿಸಲು 400 ತೆಗೆದಿಟ್ಟರೆ ಕೈಗೆ ಬರುವುದು 600 ರೂಪಾಯಿ. ಬಿಡಿಭಾಗದ ಬೆಲೆಯ ಎರಡು ಪಟ್ಟಿಗೆ ಮಾರುತ್ತೇವೆ ಅನ್ನುವವರು ಈ ಲೆಕ್ಕ ಹಾಕಿ ನೋಡಿ. ಎರಡನೇ ವರ್ಷದಿಂದ ಸಿಮ್‌ಗೆ ಬೇರೆ ಶುಲ್ಕ ಇದೆಯೆಂದು ಮಾರುವಾಗಲೇ ಹೇಳಿ. ಆಮೇಲೆ ಕೇಳಿದರೆ ಮೋಸ ಅನ್ನಿಸುತ್ತದೆ.

ಮಾರುವ ದಾರಿ

ಮೋಟ್ರಿನ ವಿಷಯದಲ್ಲಿ ರೈತ ನಂಬುವುದು ಮೇಸ್ತ್ರಿಯನ್ನು, ಜಾಹೀರಾತನ್ನಲ್ಲ. ಆದರೆ ಮೋಟ್ರು ಸುಡುವುದು ಕಮ್ಮಿಯಾದರೆ ವೈಂಡಿಂಗ್ ಅಂಗಡಿಯ ಆದಾಯವೂ ಕಮ್ಮಿ. ಇದನ್ನು ಮುಚ್ಚಿಡದೆ ಮಾತಾಡಿ. ಕೂರಿಸಿದ ದಿನವೇ ಮೇಸ್ತ್ರಿಯ ಕೈಗೆ ಕೂಲಿ, ವರ್ಷಕ್ಕೊಮ್ಮೆ ತಪಾಸಣೆಯ ಕೆಲಸ, ಪೆಟ್ಟಿಗೆಯ ಮೇಲೆ ಅವರ ಅಂಗಡಿಯ ಹೆಸರು, ಇಷ್ಟು ಕೊಡಿ. ಅಂಗಡಿಗಳು ಉದ್ರಿ ಕೇಳುತ್ತವೆ. ಮೊದಲ ವರ್ಷ ಒಂದು ಅಂಗಡಿಗೆ ಎರಡು ಪೆಟ್ಟಿಗೆಗಿಂತ ಹೆಚ್ಚು ಉದ್ರಿ ಬೇಡ, ಮೊದಲಿನದರ ದುಡ್ಡು ಬಂದ ಮೇಲೆ ಮುಂದಿನದು.

ಕಾಲ ಮುಖ್ಯ. ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬಂದು, ಬೇಸಿಗೆ ಇನ್ನೂ ಏರದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾರಿ. ಏಪ್ರಿಲ್‌ನಲ್ಲಿ ನಿಮ್ಮ ಜನವೆಲ್ಲ ರಿಪೇರಿಗೆ ಸಿದ್ಧವಿರಬೇಕು.

ತೋರಿಸಿ ಮಾರುವುದಕ್ಕೆ ಒಂದು ಹಲಗೆ ಮಾಡಿ: ಪ್ರತಿ ಫೇಸಿಗೂ ಒಂದು ಫ್ಯೂಸ್ ಮತ್ತು ಸ್ವಿಚ್, ಒಂದು ಸಣ್ಣ ಮೋಟ್ರು, ನಿಮ್ಮ ಪೆಟ್ಟಿಗೆ. ರೈತನ ಕೈಯಲ್ಲೇ ಒಂದು ಫೇಸಿನ ಸ್ವಿಚ್ ಆರಿಸಿ. ಮೋಟ್ರು ನಿಂತು ಅವನದೇ ಫೋನ್ ರಿಂಗಾಗಿ "ಒಂದು ಫೇಸ್ ಹೋಗಿದೆ, ಮೋಟ್ರು ನಿಲ್ಲಿಸಿದೀವಿ" ಎಂದು ಕೇಳಿದರೆ ಮುಂದೆ ಹೆಚ್ಚು ವಿವರಿಸಬೇಕಿಲ್ಲ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರು ಬಳಿಯ ಬಬ್ಬೂರು ಫಾರ್ಮ್ ಕೇಂದ್ರದ ತರಬೇತಿಗಳಿಗೆ ಬರುವ ರೈತರು ಹೊಸದನ್ನು ಕೇಳಲೆಂದೇ ಬಂದವರು. ಅಲ್ಲಿ ಅನುಮತಿ ಕೇಳಿ. ವಾಟ್ಸ್ಆ್ಯಪ್‌ಗೆ ಒಂದು ನಿಮಿಷದ ವಿಡಿಯೋ ಸಾಕು, ಈ ಸೀಮೆಯ ಮಾತಲ್ಲೇ ಇರಲಿ, ಹಿನ್ನೆಲೆ ಸಂಗೀತ ಬೇಡ. ಎಸ್ಎಂಎಸ್ ಕಳಿಸುವುದಾದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ತಾಣದಲ್ಲಿ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಿ, ಇಲ್ಲದಿದ್ದರೆ ಸಂದೇಶ ಹೋಗುವುದೇ ಇಲ್ಲ.

"ಮೋಟ್ರು ಇನ್ನು ಸುಡೋದೇ ಇಲ್ಲ" ಎಂದು ಎಲ್ಲಿಯೂ ಬರೆಯಬೇಡಿ. ಸಿಡಿಲು, ಹಳೆಯ ಕೇಬಲ್, ಸವೆದ ಬೇರಿಂಗ್ ಇವನ್ನು ನಿಮ್ಮ ಪೆಟ್ಟಿಗೆ ತಡೆಯದು. ವಾರಂಟಿ ಕಾಗದದಲ್ಲಿ ಏನು ಸೇರಿದೆ, ಏನಿಲ್ಲ ಎಂಬುದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿರಲಿ.

ಕಾಗದಪತ್ರದ ಕೆಲಸ ಚಿಕ್ಕದು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ. ರಾಜ್ಯದೊಳಗೆ ಸರಕು ಮಾರಾಟಕ್ಕೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ಕಡ್ಡಾಯವಲ್ಲ, ಆದರೆ ಬಿಡಿಭಾಗಕ್ಕೆ ಕೊಟ್ಟ ತೆರಿಗೆ ಹಿಂಪಡೆಯಲು ಮತ್ತು ಅಂಗಡಿಗಳಿಗೆ ಬಿಲ್ ಕೊಡಲು ಮೊದಲೇ ಮಾಡಿಸುವುದು ಮೇಲು. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಉಂಟು. ಅರ್ಜಿ ಹಾಕುವಾಗ ಒಂದು ಬೇಸಿಗೆ ಓಡಿದ ಹತ್ತು ಪೆಟ್ಟಿಗೆಗಳ ದಾಖಲೆ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮುಂದಿನ ಐವತ್ತು ಮಾಡುವ ಮೊದಲು ಮೂರು ಅಂಕಿ ನೋಡಿ: ಕೂರಿಸಿದ ಹತ್ತರಲ್ಲಿ ಕಳೆದ ವಾರ ಎಷ್ಟು ಸರ್ವರ್‌ಗೆ ಮಾತಾಡಿವೆ, ಎಷ್ಟನ್ನು ರೈತರು ಬೈಪಾಸ್ ಮಾಡಿದ್ದಾರೆ (ಪೆಟ್ಟಿಗೆ ಬಿಟ್ಟು ವೈರು ನೇರ ಜೋಡಿಸಿದ್ದಾರೆ), ಎಷ್ಟು ಜನ ಪಕ್ಕದ ತೋಟದವರನ್ನು ಕಳಿಸಿದ್ದಾರೆ. ಹತ್ತರಲ್ಲಿ ಮೂರು ಬೈಪಾಸ್ ಆಗಿದ್ದರೆ ಹೊಸದು ಮಾಡಬೇಡಿ. ಆ ಮೂರು ತೋಟಕ್ಕೆ ಹೋಗಿ ಸ್ಟಾರ್ಟರ್ ಬಾಗಿಲು ತೆಗೆದು, ಯಾವ ವೈರು ಯಾಕೆ ಕಿತ್ತಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ.