ಯಂತ್ರದ ದೋಷವನ್ನು ರೈತರಿಗೆ ತಿಳಿಸುವುದು ಹೇಗೆ?

ದಾವಣಗೆರೆ ಕಡೆ ಟ್ರ್ಯಾಕ್ಟರ್, ಅದರ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ರಿಪೇರಿ ಮಾಡುವವನು ನಾನು. ಕಂಪನಿಯವರಿಗೆ ಹೇಳುವುದಿಷ್ಟು: ದೋಷ ಗೊತ್ತಾದ ಕೂಡಲೇ ತಿಳಿಸಿ. ಸೀಸನ್ ಮುಗಿಯಲಿ ಅಂತ ಕಾಯಬೇಡಿ.

ಮೊದಲ ಸಾಲಿನಲ್ಲೇ ಅಪಾಯ ಬರಲಿ. "ಗುಣಮಟ್ಟ ಸುಧಾರಣೆಗಾಗಿ ಬಿಡಿಭಾಗ ಬದಲಾವಣೆ" ಅಂತ ಬರೆದರೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಪಿಟಿಒ ಶಾಫ್ಟಿನ, ಅಂದರೆ ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ರೋಟವೇಟರ್‌ಗೆ ಮುಟ್ಟಿಸುವ ತಿರುಗುವ ದಂಡದ, ಪ್ಲಾಸ್ಟಿಕ್ ಕವರ್ ಬಿರುಕು ಬಿಡುತ್ತಿದೆ ಅಂತಿಟ್ಟುಕೊಳ್ಳಿ. ಹೀಗೆ ಬರೆಯಿರಿ: "ಕವರ್ ಒಡೆದಿದ್ದರೆ ರೋಟವೇಟರ್ ಓಡಿಸಬೇಡಿ. ಪಂಚೆ, ಸೆರಗು ಸಿಕ್ಕಿಕೊಂಡರೆ ಜೀವವೇ ಹೋಗಬಹುದು." ಆ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಬಟ್ಟೆ ಸಿಕ್ಕಿದ ಮೇಲೆ ಕ್ಲಚ್ ತುಳಿಯಲು ಟೈಮ್ ಎಲ್ಲಿರುತ್ತದೆ?

ಯಾವ ಮಾಡೆಲ್, ಯಾವ ಸೀರಿಯಲ್ ನಂಬರಿನಿಂದ ಯಾವುದರವರೆಗೆ ಅಂತ ಹೇಳಿ. ಆ ನಂಬರ್ ಇರುವ ತಗಡು ಯಂತ್ರದಲ್ಲಿ ಎಲ್ಲಿದೆ ಅಂತ ಫೋಟೊದಲ್ಲಿ ತೋರಿಸಿ. ಮಣ್ಣು, ಗ್ರೀಸ್ ಮೆತ್ತಿ ಅದು ಕಾಣುವುದೇ ಇಲ್ಲ, ಅಲ್ವಾ? ಎಲ್ಲವೂ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಫೋನ್ ಮಾಡಿ ಹೇಳಿ.

ಬಿಲ್ಲಿನಲ್ಲಿ ಹೆಸರಿದ್ದವರಿಗೆ ಮಾತ್ರ ತಿಳಿಸಿದರೆ ಸಾಲದು. ಯಂತ್ರ ಕೈ ಬದಲಾಗಿರುತ್ತದೆ, ಬಾಡಿಗೆಗೂ ಹೋಗುತ್ತಿರುತ್ತದೆ. ರೈತ ಸಂಪರ್ಕ ಕೇಂದ್ರ, ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರ, ನಮ್ಮಂಥ ಹಳ್ಳಿ ಮೆಕ್ಯಾನಿಕ್‌ಗಳಿಗೂ ಸುದ್ದಿ ಮುಟ್ಟಬೇಕು. ಸರಿಯಾದ ಎಚ್ಚರಿಕೆ ಕೊಡದೆ ಹಾನಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರು ಪರಿಹಾರ ಕೊಡಬೇಕಾಗಬಹುದು.

ಕೊನೆಗೆ, ರಿಪೇರಿ ಪುಕ್ಕಟೆಯೇ, ಪಾರ್ಟ್ ಯಾವತ್ತು ಸಿಗುತ್ತದೆ, ಅಲ್ಲಿಯವರೆಗೆ ಬದಲಿ ಯಂತ್ರ ಕೊಡುತ್ತೀರಾ ಅನ್ನುವುದನ್ನೂ ಬರೆಯಿರಿ. ಬಿತ್ತನೆ ಹೊತ್ತಲ್ಲಿ ರೈತರು ಮೊದಲು ಕೇಳುವುದೇ ಇದನ್ನು.